ಡ್ಯಾನ್ಸ್‌ನ್ನು ಕ್ರೀಡೆ ಅಂತ ಪರಿಗಣಿಸಬೇಕಾ?

ಸ್ಪರ್ಧೆಗೆ ಇಳಿದಾಗ ಹೌದು, ಉಳಿದಂತೆ ಬೇಡ.

ಮೈ ದಣಿಯೋದೊಂದೇ ಅಳತೆಯಾದರೆ ನಮ್ಮ ಮಂಡ್ಯದ ಪೂಜಾ ಕುಣಿತದವರನ್ನು ಮೀರಿಸುವವರು ಯಾರು? ಮೈಸೂರು ದಸರಾ ಮೆರವಣಿಗೆಯಲ್ಲಿ ನೋಡಿ. ತಲೆ ಮೇಲೆ ಎತ್ತರದ ಬಿದಿರಿನ ಚೌಕಟ್ಟು. ಕೈ ಬಿಟ್ಟು, ಕತ್ತಿನ ಬಲದಲ್ಲೇ ತೂಗಿಸುತ್ತಾ ಕುಣಿಯುತ್ತಾರೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ದಾರಿ! ಆದರೆ ಅಲ್ಲಿ ಎದುರಾಳಿ ಇಲ್ಲ, ಅಂಕ ಇಲ್ಲ. ಅದು ದೇವರ ಸೇವೆ ಅಲ್ವಾ?

ಬ್ರೇಕಿಂಗ್, ಅಂದರೆ ಬ್ರೇಕ್‌ಡ್ಯಾನ್ಸ್, ಬೇರೆ. ಇಬ್ಬರು ಎದುರುಬದುರು ನಿಂತು ಸರದಿಯಲ್ಲಿ ಕುಣಿಯುತ್ತಾರೆ, ತೀರ್ಪುಗಾರರು ಗೆದ್ದವರನ್ನು ಆರಿಸುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕವನ್ನೂ ಕೊಟ್ಟರು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಮಾತ್ರ ಅದಿಲ್ಲ.

ಹೆಸರು ಏನೇ ಇರಲಿ, ಮಂಡಿ, ಸೊಂಟ ನೋಯಿಸಿಕೊಂಡ ಕಲಾವಿದರಿಗೂ ಆಟಗಾರರಿಗೆ ಸಿಗುವಂಥ ಫಿಸಿಯೋಥೆರಪಿ ಸಿಗಲೇಬೇಕು.