ಕ್ರೋಮ್ ಪ್ಲೇಟಿಂಗ್ ಕೆಲಸ, ಮೂಗಿನಲ್ಲಿ ರಕ್ತ: ಉಷ್ಣ ಅಂತ ಬಿಡಬೇಡಿ

ನನ್ನ ತಮ್ಮ ಪೀಣ್ಯದ ಕ್ರೋಮ್ ಪ್ಲೇಟಿಂಗ್ ಶಾಪಿಗೆ ಸೇರಿ ಎಂಟು ತಿಂಗಳಾಯಿತು, ಬೆಳಿಗ್ಗೆ ಮೂಗು ಸೀಟಿದರೆ ರಕ್ತ ಬರುತ್ತೆ, ಮನೆಯವರು ಉಷ್ಣ ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ಎಳನೀರು ಕುಡಿಸಿ ಸುಮ್ಮನಾಗಬೇಡಿ. ಈ ಕೆಲಸದವರ ಮೂಗಿನಲ್ಲಿ ರಕ್ತ ಅಂದರೆ ನಾನು ಮೊದಲು ಅನುಮಾನಿಸುವುದು ವಸ್ತುವನ್ನು ಮುಳುಗಿಸಿ ಕರೆಂಟ್ ಹರಿಸಿ ಕ್ರೋಮ್ ಕೂರಿಸುವ ಟ್ಯಾಂಕನ್ನು.

ಟ್ಯಾಂಕಿನ ದ್ರಾವಣಕ್ಕೆ ಬಾತ್ ಅಂತಾರೆ. ಸಾಮಾನ್ಯ ಬಾತ್‌ನಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್ ಆಸಿಡ್ ಇರುತ್ತೆ. ಬಿಸಿ 45–55 ಡಿಗ್ರಿ. ಹರಿಸಿದ ಕರೆಂಟಿನಲ್ಲಿ ಲೋಹ ಕೂರಿಸುವುದಕ್ಕೆ ಬಳಕೆಯಾಗುವುದು ಶೇ. 10–20 ಅಷ್ಟೇ. ಉಳಿದಿದ್ದೆಲ್ಲ ಹೆಚ್ಚಾಗಿ ಹೈಡ್ರೋಜನ್ ಗುಳ್ಳೆಯಾಗಿ ಮೇಲೆದ್ದು ಒಡೆಯುತ್ತೆ. ಒಡೆದಾಗ ಹಾರುವ ಸಣ್ಣ ಹನಿಗಳಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ. (ನಲ್ಲಿ, ಹ್ಯಾಂಡಲ್ ಮೇಲೆ ಹೊಳೆಯುವುದು ಲೋಹರೂಪದ ಕ್ರೋಮಿಯಂ, ಅದಕ್ಕೆ ಹೆದರಬೇಡಿ.)

ಹನಿ ಮೂಗಿನ ನಡುಗೋಡೆಗೆ ಅಂಟಿ ಒಳಗಿನ ಪೊರೆಯನ್ನು ಸುಡುತ್ತೆ. ಮೊದಲು ಹಕ್ಕಳೆ, ಕಿತ್ತರೆ ರಕ್ತ, ಆಮೇಲೆ ನಡುಗೋಡೆಗೇ ತೂತು. ನೋವು ಅಷ್ಟಾಗಿ ಇರಲ್ಲ, ಮೋಸ ಆಗೋದೇ ಅಲ್ಲಿ. ತೂತು ಸಣ್ಣದಿದ್ದರೆ ಉಸಿರಾಡುವಾಗ ಸೀಟಿಯಂಥ ಸದ್ದು ಬರಬಹುದು. ಬೆರಳುಗಳನ್ನೂ ನೋಡಿ: ಉಗುರಿನ ಬುಡ, ಗೆಣ್ಣಿನ ಮೇಲೆ ಡ್ರಿಲ್ ಹಾಕಿದಂಥ ದುಂಡನೆ ಗುಳಿ, ಅಂಚು ಗಟ್ಟಿಯಾಗಿ ಉಬ್ಬಿದ್ದರೆ ಅದು ಕ್ರೋಮ್ ಹುಣ್ಣು. ಅಸ್ತಮಾ, ಚರ್ಮದ ಅಲರ್ಜಿಯೂ ಬರಬಹುದು. ಅಲರ್ಜಿ ಒಮ್ಮೆ ಹತ್ತಿದರೆ ಚೂರು ತಾಗಿದರೂ ಕೆರಳುತ್ತೆ. ಎಲ್ಲಕ್ಕಿಂತ ದೊಡ್ಡದು ಶ್ವಾಸಕೋಶದ ಕ್ಯಾನ್ಸರ್. ಅದು ವರ್ಷಗಟ್ಟಲೆ ಒಡ್ಡಿಕೊಂಡವರಿಗೆ ದಶಕಗಳ ನಂತರ ಬರುವಂಥದ್ದು, ಎಂಟು ತಿಂಗಳಿಗೆ ಗಾಬರಿ ಬೇಡ. ಸಿಗರೇಟು ಸೇದುತ್ತಿದ್ದರೆ ಮಾತ್ರ ಇವತ್ತೇ ಬಿಡಿಸಿ.

ಇ.ಎನ್.ಟಿ. ವೈದ್ಯರ ಹತ್ತಿರ ಹೋದಾಗ "ಕ್ರೋಮಿಕ್ ಆಸಿಡ್ ಟ್ಯಾಂಕ್ ಹತ್ತಿರ ಕೆಲಸ" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅಲರ್ಜಿ ಮಾತ್ರೆ ಬರೆದು ಕಳಿಸುವ ಸಾಧ್ಯತೆಯೇ ಹೆಚ್ಚು. ಮೂತ್ರದಲ್ಲಿ ಕ್ರೋಮಿಯಂ ಪರೀಕ್ಷೆ ಮಾಡಿಸುವುದಾದರೆ ವಾರದ ಕೊನೆಯ ಶಿಫ್ಟ್ ಮುಗಿದ ಮೇಲೆ ಕೊಡಬೇಕು. ಭಾನುವಾರ ಕಳೆದು ಕೊಟ್ಟರೆ ಅಂಕಿ ಇಳಿದಿರುತ್ತೆ.

ಶಾಪ್‌ನಲ್ಲಿ ಮೊದಲು ನೋಡಬೇಕಾದ್ದು ಟ್ಯಾಂಕಿನ ಅಂಚಿನಲ್ಲೇ ಎಳೆಯುವ ಎಕ್ಸಾಸ್ಟ್. ಸೀಲಿಂಗಿನಲ್ಲಿರುವ ಫ್ಯಾನ್ ಈ ಹನಿಗಳ ಮಂಜನ್ನು ಕೆಲಸಗಾರನ ಮುಖದ ಮೇಲೇ ಹಾಯಿಸಿ ಎಳೆಯುತ್ತೆ, ಅದು ಲೆಕ್ಕಕ್ಕಿಲ್ಲ. ಬಾತ್‌ಗೆ ಮಿಸ್ಟ್ ಸಪ್ರೆಸೆಂಟ್ (ಹನಿ ಹಾರುವುದನ್ನು ತಗ್ಗಿಸುವ ರಾಸಾಯನಿಕ) ಹಾಕಿದರೆ ಮಂಜು ಬಹಳ ಇಳಿಯುತ್ತೆ. ಅಮೆರಿಕದ ಕಾನೂನು ಎಂಟು ಗಂಟೆಯ ಸರಾಸರಿಗೆ ಘನ ಮೀಟರ್ ಗಾಳಿಯಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ 5 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತೆ. ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಇಲ್ಲಿ ಯಾವ ಮೂಲೆಗೆ? ಪಿ100 ಫಿಲ್ಟರಿನ (ಸಣ್ಣ ಕಣಗಳನ್ನೂ ಬಹುತೇಕ ಪೂರ್ತಿ ತಡೆಯುವಂಥ) ರೆಸ್ಪಿರೇಟರ್, ಉದ್ದ ತೋಳಿನ ಪಿವಿಸಿ ಗ್ಲೌಸ್ ಬೇಕು. ಗ್ಲೌಸ್ ಒಳಗೆ ಹಳದಿ ಕಲೆ ಕಂಡರೆ ಅದು ತೂತಾಗಿದೆ ಅಂತಲೇ, ಎಸೆಯಿರಿ. ಕೆಲಸದ ಬಟ್ಟೆ ಮನೆಗೆ ತರುವುದು ಬೇಡ.

ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ, ಕನಿಷ್ಠ 15 ನಿಮಿಷ ನಲ್ಲಿ ನೀರು ಬಿಡಿ. ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ ನೇರ ಆಸ್ಪತ್ರೆಗೆ. ಚರ್ಮದಿಂದಲೇ ಒಳಗಿಳಿದು ಕಿಡ್ನಿ ಕೆಡಿಸಿದ ಉದಾಹರಣೆಗಳಿವೆ.

ಕ್ರೋಮ್ ಹುಣ್ಣು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ (ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿ) ಇತ್ತು, ಇ.ಎಸ್.ಐ. ಕಾಯ್ದೆಯ ವೃತ್ತಿ ರೋಗಗಳ ಪಟ್ಟಿಯಲ್ಲೂ ಕ್ರೋಮಿಯಂ ಇತ್ತು; 2025ರ ನವೆಂಬರಿನಲ್ಲಿ ಈ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಇ.ಎಸ್.ಐ. ಕಾರ್ಡ್ ಇದ್ದರೆ ಅಲ್ಲೇ ತೋರಿಸಿ, ಚೀಟಿಯಲ್ಲಿ ಏನು ಕೆಲಸ ಅನ್ನುವುದನ್ನು ಬರೆಸಿಕೊಳ್ಳಿ.