ಆ ಪದ ಬಂದಿದ್ದು ಕೆಚ್ಚಲಿನಿಂದ

ಮೇಡಂ, ಮುಳಬಾಗಿಲಿನಿಂದ ನೀವು ಬರೆದ ಕಾಗದ ಸಿಕ್ಕಿತು. ಮೂರನೇ ಕ್ಲಾಸಿನ ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ಟೀಚರ್ ‘ಎಗ್ಜೂಬರೆಂಟ್ ಚೈಲ್ಡ್’ ಅಂತ ಬರೆದಿದ್ದಾರೆ, ನಿಘಂಟು ತೆಗೆದರೆ ಒಂದು ಕಡೆ ‘ಸಮೃದ್ಧ’, ಇನ್ನೊಂದು ಕಡೆ ‘ಅತಿಯಾದ’ ಅಂತಿದೆ, ಇದು ಹೊಗಳಿಕೆಯೋ ದೂರೋ ಅಂತ ಕೇಳಿದ್ದೀರಿ. ತಿಳಿಯದೆ ಮಗಳನ್ನು ಬೈದೆ ಅಂತಲೂ ಬರೆದಿದ್ದೀರಿ.

ಹೊಗಳಿಕೆ ಮೇಡಂ. ಬೈಯುವಂಥದ್ದು ಅದರಲ್ಲಿ ಏನೂ ಇಲ್ಲ.

ಈ ಪದದ ಬೇರು ಲ್ಯಾಟಿನ್ನಿನ ‘ಊಬೆರ್’. ಅದಕ್ಕೆ ಎರಡು ಅರ್ಥ: ಕೆಚ್ಚಲು, ಮತ್ತೆ ಫಲವತ್ತಾದದ್ದು. ಇಂಗ್ಲಿಷಿನ ‘ಅಡರ್’, ಸಂಸ್ಕೃತದ ‘ಊಧಸ್’ ಎಲ್ಲ ಒಂದೇ ಬೇರಿನವು. ನಮ್ಮ ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬೆಳಿಗ್ಗೆ ಹಾಲು ಕರೆಯುವುದು ಸ್ವಲ್ಪ ತಡವಾದರೆ ಸೀಮೆಹಸುವಿನ ಕೆಚ್ಚಲು ಬಿಗಿದು, ಯಾರೂ ಕೈ ಹಾಕದಿದ್ದರೂ ಹಾಲು ತಾನಾಗಿಯೇ ತೊಟ್ಟಿಕ್ಕುತ್ತದಲ್ಲ, ಆ ಪದದೊಳಗೆ ಇರುವುದು ಅದೇ ಚಿತ್ರ. ಒಳಗೆ ತುಂಬಿದ್ದು ತಡೆಯಲಾರದೆ ಹೊರಗೆ ಬರುವುದು.

ಅದಕ್ಕೇ ‘ಉತ್ಸಾಹ’ ಅಂದರೆ ಪೂರ್ತಿ ಹೊಂದುವುದಿಲ್ಲ. ಉತ್ಸಾಹ ಒಂದು ಕೆಲಸದ ಮೇಲೆ ಇರುತ್ತದೆ. ‘ಲವಲವಿಕೆ’ ಹತ್ತಿರ ಬರುತ್ತದೆ, ಆದರೆ ಸುಮ್ನೆ ಕೂತವರ ಕಣ್ಣಲ್ಲೂ ಲವಲವಿಕೆ ಇರಬಹುದು. ಎಗ್ಜೂಬರೆಂಟ್ ಮಗು ಸುಮ್ನೆ ಕೂರುವುದಿಲ್ಲ. ಮನೆಗೆ ಬಂದ ತಕ್ಷಣ ಬ್ಯಾಗ್ ಒಂದು ಕಡೆ, ಶೂ ಒಂದು ಕಡೆ ಎಸೆದು, ಬಾಗಿಲಿನಿಂದಲೇ ಕೂಗುತ್ತಾ ಅವತ್ತಿನ ಕಥೆಯನ್ನೆಲ್ಲಾ ಹೇಳಲು ಶುರು ಮಾಡುತ್ತದೆ, ಅಲ್ವಾ? ನನ್ನನ್ನು ಕೇಳಿದರೆ ಕನ್ನಡದಲ್ಲಿ ‘ಉಕ್ಕುವ ಹುರುಪು’ ಅಂತೀನಿ. ನನಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ನಿಘಂಟಿನ ಆ ‘ಅತಿಯಾದ’ ಎಲ್ಲಿಂದ ಬಂತು ಅಂತೀರಾ? ಇಂಗ್ಲಿಷಿನಲ್ಲಿ ಗಿಡಕ್ಕೂ ಈ ಪದ ಹೇಳುತ್ತಾರೆ. ಯೂರಿಯಾ ಜಾಸ್ತಿಯಾದ ಟೊಮೆಟೊ ಗಿಡ ಬರೀ ಸೊಪ್ಪಾಗಿ, ಹಣ್ಣು ಕಮ್ಮಿಯಾದರೆ ನಾವು ‘ಸೊಕ್ಕಿ ಬೆಳೆದಿದೆ’ ಅನ್ನುತ್ತೇವಲ್ಲ, ಆ ಎಲ್ಲೆಯವರೆಗೂ ಪದ ಹೋಗುತ್ತದೆ. ಆದರೆ ತಪ್ಪು ಹೇಳಬೇಕಾದರೆ ಇಂಗ್ಲಿಷಿನವರು ಸಾಮಾನ್ಯವಾಗಿ ಪಕ್ಕದಲ್ಲಿ ಇನ್ನೊಂದು ಪದ ಸೇರಿಸುತ್ತಾರೆ. 1996ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಷೇರು ಪೇಟೆಯ ಬಗ್ಗೆ ಮಾತಾಡುತ್ತಾ ‘ಇರ‍್ಯಾಷನಲ್ ಎಗ್ಜೂಬರೆನ್ಸ್’ ಅಂದರು. ವಿವೇಕ ತಪ್ಪಿದ ಹುರುಪು ಅಂತ. ಅಲ್ಲಿ ದೋಷ ಇರುವುದು ಮೊದಲ ಪದದಲ್ಲಿ. ನಿಮ್ಮ ಟೀಚರ್ ‘ಟೂ’ ಅಂತಲೋ ‘ಓವರ್’ ಅಂತಲೋ ಮುಂದೆ ಸೇರಿಸಿದ್ದರೆ ಬೇರೆ ಮಾತು. ನೀವು ಕಾಗದದಲ್ಲಿ ಬರೆದುಕೊಟ್ಟ ಸಾಲಿನಲ್ಲಿ ಅಂಥದ್ದೇನೂ ಇಲ್ಲ.

ಇನ್ನೊಂದು ವಿಷಯ, ಸ್ಪೆಲ್ಲಿಂಗಿನಲ್ಲಿ ಎಕ್ಸ್ ಆದ ಮೇಲೆ ಹೆಚ್ ಬರುವುದಿಲ್ಲ. ತುಂಬಾ ಜನ ಸೇರಿಸಿಬಿಡುತ್ತಾರೆ.

ಇವತ್ತು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪದದ ಅರ್ಥ ನೀವೇ ಹೇಳಿ, ಮೇಡಂ. ಕೆಚ್ಚಲಿನ ಕಥೆಯನ್ನೂ ಸೇರಿಸಿ.