ರೈಡರ್-ವೇಟ್ ಗೊತ್ತಿದ್ದವರು ಮಾರ್ಸೇ ಟ್ಯಾರೋ ಓದಲು ಕಲಿಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಭವಿಷ್ಯ ಹೇಳಲು ಬಳಸುವ ಟ್ಯಾರೋ ಕಾರ್ಡ್‌ಗಳಲ್ಲಿ ರೈಡರ್-ವೇಟ್ ಡೆಕ್ (ಕಾರ್ಡ್ ಕಟ್ಟು) ನಿಮಗೆ ಚೆನ್ನಾಗಿ ಕೈಗೆ ಹತ್ತಿದೆ. ಈಗ ಫ್ರೆಂಚ್ ಶೈಲಿಯ ಮಾರ್ಸೇ ಡೆಕ್ ಬಂದಿದೆ. ಫೂಲ್, ಜಸ್ಟಿಸ್ ಥರ ಹೆಸರಿರುವ ಮೇಜರ್ ಕಾರ್ಡ್‌ಗಳು ಹೇಗೋ ಗುರುತು ಸಿಗುತ್ತವೆ. ಆದರೆ ಎಕ್ಕದಿಂದ ಹತ್ತರವರೆಗಿನ ನಲವತ್ತು ಮೈನರ್ ಕಾರ್ಡ್‌ಗಳಲ್ಲಿ ಬರೀ ಬಟ್ಟಲು, ಕತ್ತಿ, ಕೋಲು, ನಾಣ್ಯ. ಕಥೆ ಹೇಳುವ ಚಿತ್ರವೇ ಇಲ್ಲ. ಹಳೆಯ ಅರ್ಥಗಳನ್ನೇ ಇದಕ್ಕೂ ಹಚ್ಚಬಹುದಾ ಅಂತ ಕೇಳಿದ್ದೀರಿ.

ಬೇಡ. ಹಾಗೆ ಮಾಡಿದರೆ ಕಣ್ಣು ಈ ಕಾರ್ಡ್ ಮೇಲಿರುತ್ತದೆ, ಮನಸ್ಸು ಆ ಕಾರ್ಡನ್ನೇ ನೋಡುತ್ತಿರುತ್ತದೆ. ಅದಕ್ಕೆ ಹೊಸ ಡೆಕ್ ಯಾಕೆ ಬೇಕು?

ಇಲ್ಲಿ ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಎಲೆ ಆಟಕ್ಕೆ. ಭವಿಷ್ಯ ನೋಡಲು ಅದನ್ನು ಬಳಸುವ ಪದ್ಧತಿ ಜೋರಾಗಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ. ಆಟದ ಎಲೆಯಲ್ಲಿ ಏಳು ಬಟ್ಟಲು ಅಂದರೆ ಏಳು ಬಟ್ಟಲು, ಅಷ್ಟೇ. ಇಸ್ಪೀಟ್ ಕಟ್ಟಿನ ಏಳು ಆಟೀನಿಗೆ ಯಾರೂ ಚಿತ್ರ ಕೇಳುವುದಿಲ್ಲವಲ್ಲ. 1909ರಲ್ಲಿ ಆರ್ಥರ್ ವೇಟ್ ರೂಪಿಸಿದ ರೈಡರ್-ವೇಟ್ ಡೆಕ್‌ಗೆ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಆ ನಲವತ್ತು ಕಾರ್ಡ್‌ಗಳಿಗೂ ಒಂದೊಂದು ಸನ್ನಿವೇಶ ಬರೆದರು. ಅದಕ್ಕೂ ಮೊದಲು ಹೀಗೆ ಚಿತ್ರ ಬರೆದ ಡೆಕ್ ಇರಲೇ ಇಲ್ಲ ಅಂತಲ್ಲ. 15ನೇ ಶತಮಾನದ ಸೋಲಾ ಬುಸ್ಕಾ ಡೆಕ್‌ನಲ್ಲೂ ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಕಾರ್ಡ್ ಇದೆ. ಆದರೆ ಅದು ಅಪರೂಪದ್ದು. ಅಂದರೆ ಮಾರ್ಸೇ ಕಾರ್ಡ್‌ಗಳಿಂದ ಯಾರೂ ಚಿತ್ರ ಕಿತ್ತುಕೊಂಡಿಲ್ಲ. ನಿಮ್ಮ ಹಳೆಯ ಡೆಕ್‌ನಲ್ಲಿ ನಂತರ ಸೇರಿಸಿದ್ದಾರೆ.

ಈಗ ಎರಡೂ ಡೆಕ್‌ಗಳಿಂದ ಫೈವ್ ಆಫ್ ಕಪ್ಸ್ (ಐದು ಬಟ್ಟಲಿನ ಕಾರ್ಡ್) ತೆಗೆದು ಪಕ್ಕಪಕ್ಕ ಇಡಿ. ರೈಡರ್-ವೇಟ್‌ನಲ್ಲಿ ಕಪ್ಪು ನಿಲುವಂಗಿಯವನು ತಲೆ ತಗ್ಗಿಸಿ ನಿಂತಿದ್ದಾನೆ. ಮುಂದೆ ಮೂರು ಬಟ್ಟಲು ಉರುಳಿವೆ, ಹಿಂದೆ ಎರಡು ನೆಟ್ಟಗಿವೆ. ನಷ್ಟ, ಕೊರಗು ಅಂತ ನೀವು ಕಲಿತಿದ್ದು ಈ ಚಿತ್ರದಿಂದಲೇ. ಮಾರ್ಸೇ ಕಾರ್ಡ್ ನೋಡಿ. ನಾಲ್ಕು ಮೂಲೆಗೆ ನಾಲ್ಕು ಬಟ್ಟಲು, ನಡುವೆ ಒಂದು. ಆ ನಡುವಿನ ಬಟ್ಟಲನ್ನು ಎಲೆ, ಹೂ, ಬಳ್ಳಿ ಸುತ್ತಿಕೊಂಡಿವೆ. ಒಂದೂ ಉರುಳಿಲ್ಲ. ಯಾರೂ ಅಳುತ್ತಿಲ್ಲ. ಇಷ್ಟು ನೋಡಿದ ಮೇಲೂ ಇದನ್ನು ದುಃಖದ ಕಾರ್ಡ್ ಅಂತ ಓದಿದರೆ ಅದು ಬರೀ ಬಾಯಿಪಾಠ. ನಾನು ಇದನ್ನು ಹೀಗೆ ಓದುತ್ತೇನೆ: ನಾಲ್ಕು ಗೋಡೆಯೊಳಗೆ ನೆಮ್ಮದಿಯಾಗಿದ್ದ ಸಂಬಂಧಗಳ ನಡುವೆ ಹೊಸದೊಂದು ಆಸೆ ಬಂದು ಕೂತಿದೆ, ಈಗ ಎಲ್ಲರ ಗಮನವೂ ಅದರ ಮೇಲೆ. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅಕ್ಕಪಕ್ಕದ ಕಾರ್ಡ್ ಹೇಳಬೇಕು.

ಇದನ್ನು ರೂಢಿ ಮಾಡಿಕೊಳ್ಳಲು ನಾನು ಹೇಳುವ ಅಭ್ಯಾಸ ಒಂದೇ. ಒಂದು ಬಣ್ಣದ (ಅಂದರೆ ಬಟ್ಟಲು, ಕತ್ತಿ, ಕೋಲು, ನಾಣ್ಯ ಈ ನಾಲ್ಕರಲ್ಲಿ ಒಂದು ಗುಂಪಿನ) ಹತ್ತು ಕಾರ್ಡ್‌ಗಳನ್ನು ಎಕ್ಕದಿಂದ ಹತ್ತರವರೆಗೆ ಸಾಲಾಗಿ ಹರಡಿ. ಕಪ್ಸ್‌ನಿಂದ ಶುರು ಮಾಡಿದರೆ ಸುಲಭ. ಅರ್ಥ ಹುಡುಕಬೇಡಿ, ಸುಮ್ನೆ ಏನು ಬದಲಾಗುತ್ತಿದೆ ನೋಡಿ, ನೋಡಿದ್ದನ್ನು ಬಾಯಿಬಿಟ್ಟು ಹೇಳಿ. ಎಲ್ಲಿ ಜಾಗ ಇದೆ, ಎಲ್ಲಿ ಇಕ್ಕಟ್ಟು? ನಡುವೆ ಏನಿದೆ? ಬಳ್ಳಿ ಎಲ್ಲಿ ಅರಳಿದೆ, ಎಲ್ಲಿ ಮಾಯವಾಗಿದೆ? ಎರಡರಲ್ಲಿ ಒಂದಕ್ಕೊಂದು ಎದುರು ನಿಂತ ಬಟ್ಟಲುಗಳು ಹತ್ತಕ್ಕೆ ಬರುವ ಹೊತ್ತಿಗೆ ಕಿಕ್ಕಿರಿದು ನಿಂತಿರುತ್ತವೆ. ಆಮೇಲೆ ಸಂಖ್ಯೆಗಳಿಗೆ ನಿಮ್ಮದೇ ಒಂದು ಮಾತು ಕೊಡಿ. ನನ್ನ ಲೆಕ್ಕದಲ್ಲಿ ಎರಡು ಅಂದರೆ ಜೋಡಿ ಅಥವಾ ಕಾಯುವುದು, ಮೂರು ಮೊಳಕೆ, ನಾಲ್ಕು ಗಟ್ಟಿ ನೆಲೆ, ಐದು ಆ ನೆಲೆಯ ಅಲುಗಾಟ, ಹತ್ತು ಭರ್ತಿ. ಬೇರೆಯವರ ಲೆಕ್ಕ ಬೇರೆ ಇರುತ್ತದೆ, ಅದರ ಬಗ್ಗೆ ಜಗಳ ಬೇಡ. ಒಂದು ಪಟ್ಟಿ ಹಿಡಿದರೆ ಅದನ್ನೇ ಬಿಡದೆ ಬಳಸಿ. ಸಂಖ್ಯೆಯ ಮಾತಿಗೆ ಬಣ್ಣದ ಮಾತು ಸೇರಿಸಿದರೆ ಅರ್ಧ ಕೆಲಸ ಆಯಿತು: ಬಟ್ಟಲು ಮನಸ್ಸು, ನಾಣ್ಯ ದುಡ್ಡು ಮತ್ತು ದೇಹ, ಕೋಲು ದುಡಿಮೆ, ಕತ್ತಿ ಮಾತು ಮತ್ತು ಬುದ್ಧಿ.

ಹೊಸಬರು ಕತ್ತಿ ಮತ್ತು ಕೋಲನ್ನು ಅದಲುಬದಲು ಮಾಡಿಕೊಳ್ಳುವುದು ಸಾಮಾನ್ಯ. ಎರಡೂ ಹೆಣೆದ ಪಟ್ಟಿಗಳ ಹಾಗೆ ಕಾಣುತ್ತವೆ. ಬಾಗಿದ್ದರೆ ಕತ್ತಿ, ನೇರವಾಗಿ ಅಡ್ಡಡ್ಡ ದಾಟಿದ್ದರೆ ಕೋಲು. ಬಾಗಿದ ಕತ್ತಿಗಳು ಸೇರಿ ಬಾದಾಮಿ ಆಕಾರದ ಒಂದು ಆವರಣ ಮಾಡುತ್ತವೆ. ಮೂರು, ಐದು, ಏಳು, ಒಂಬತ್ತರಲ್ಲಿ ಆ ಆವರಣದೊಳಗೆ ಒಂದು ನೇರ ಕತ್ತಿ ನಿಂತಿರುತ್ತದೆ. ಎರಡು, ನಾಲ್ಕು, ಆರು, ಎಂಟರಲ್ಲಿ ಅದೇ ಜಾಗಕ್ಕೆ ಹೂವು ಬರುತ್ತದೆ. ಈ ಒಂದು ಗುರುತು ಸಾಕು, ಕತ್ತಿಯ ಕಾರ್ಡ್‌ಗಳು ಮಾತಾಡಲು ಶುರು ಮಾಡುತ್ತವೆ. ಒಳಗೆ ಹೂವಿದ್ದರೆ ಯೋಚನೆ ಒಳಗೇ ಉಳಿದಿದೆ, ಕತ್ತಿಯಿದ್ದರೆ ಏನೋ ತೀರ್ಮಾನ ಹೊರಗೆ ಬರಬೇಕು. ಹತ್ತಕ್ಕೆ ಎರಡು ನೇರ ಕತ್ತಿಗಳು ಒಂದನ್ನೊಂದು ದಾಟುತ್ತವೆ. ಬೆನ್ನಿಗೆ ಹತ್ತು ಕತ್ತಿ ಚುಚ್ಚಿಸಿಕೊಂಡು ಬಿದ್ದವನು ಇಲ್ಲಿ ಇಲ್ಲ. ಎರಡು ನಿಲುವುಗಳ ತಿಕ್ಕಾಟ ಇದೆ.

ಮೇಜರ್ ಕಾರ್ಡ್‌ಗಳು ಗೊತ್ತು ಅಂದಿರಿ, ಅಲ್ಲೂ ಸ್ವಲ್ಪ ಹುಷಾರು. ಜಸ್ಟಿಸ್ ಇಲ್ಲಿ 8, ಸ್ಟ್ರೆಂತ್ 11. ನಿಮ್ಮ ಹಳೆಯ ಡೆಕ್‌ನಲ್ಲಿ ಇದು ತಿರುಗುಮುರುಗು. ಲವರ್ಸ್ ಕಾರ್ಡ್‌ನಲ್ಲಿ ಜೋಡಿಯಲ್ಲ, ಇಬ್ಬರು ಹೆಂಗಸರ ನಡುವೆ ನಿಂತ ಒಬ್ಬ ಗಂಡಸು, ಮೇಲೆ ಬಾಣ ಹೂಡಿದ ಕ್ಯುಪಿಡ್. ಪ್ರೀತಿಗಿಂತ ಆಯ್ಕೆಯ ಪೇಚಾಟವೇ ಜಾಸ್ತಿ. ಸನ್ ಕಾರ್ಡ್‌ನಲ್ಲಿ ಕುದುರೆ ಮೇಲಿನ ಮಗು ಇಲ್ಲ, ಇಬ್ಬರು ಮಕ್ಕಳಿದ್ದಾರೆ. ಮೆಜೀಷಿಯನ್ ಇಲ್ಲಿ ಬೀದಿಬದಿ ಮೇಜು ಹಾಕಿ ಕೈಚಳಕ ತೋರಿಸುವವನು, ಅವನನ್ನು ಪೂರ್ತಿ ನಂಬಬೇಡಿ. 13ನೇ ಕಾರ್ಡ್‌ಗೆ ಸಾಮಾನ್ಯವಾಗಿ ಹೆಸರೇ ಬರೆದಿರುವುದಿಲ್ಲ.

ದೊಡ್ಡ ವ್ಯತ್ಯಾಸ ಇರುವುದು ಸಾಲು ಓದುವುದರಲ್ಲಿ. ‘ಈ ಜಾಗ ಹಿಂದಿನದು, ಈ ಜಾಗ ಅಡ್ಡಿ’ ಅಂತ ಮನೆ ಹಾಕಿಕೊಂಡು ಓದುವುದಕ್ಕಿಂತ, ಮೂರು ಕಾರ್ಡ್ ಹಾಕಿ ಒಂದೇ ವಾಕ್ಯದ ಹಾಗೆ ಓದುವುದು ಈ ಡೆಕ್‌ಗೆ ಚೆನ್ನಾಗಿ ಒಗ್ಗುತ್ತದೆ. ಯಾರು ಯಾವ ಕಡೆ ನೋಡುತ್ತಿದ್ದಾರೆ ಅನ್ನುವುದು ಮುಖ್ಯ. ಫೂಲ್ ತೆಗೆದುಕೊಳ್ಳಿ. ರೈಡರ್-ವೇಟ್‌ನಲ್ಲಿ ಅವನ ಮುಖ ಎಡಕ್ಕೆ, ಪಕ್ಕದಲ್ಲಿ ನಾಯಿ ಕುಣಿಯುತ್ತಿದೆ. ಮಾರ್ಸೇಯಲ್ಲಿ ಅವನು ಬಲಕ್ಕೆ ನಡೆಯುತ್ತಾನೆ, ಹಿಂದಿನಿಂದ ಒಂದು ಪ್ರಾಣಿ ಅವನ ಮೇಲೆ ಎಗರಿ ಬಟ್ಟೆ ಎಳೆಯುತ್ತಿದೆ. ಈಗ ಕೆಲಸ ಬಿಡಲಾ ಅನ್ನುವ ಪ್ರಶ್ನೆಗೆ ಫೋರ್ ಆಫ್ ಕಾಯಿನ್ಸ್, ಫೂಲ್, ಫೈವ್ ಆಫ್ ಕಪ್ಸ್ ಅಂತ ಬಂತು ಅನ್ನಿ. ಭದ್ರವಾದ ಆದಾಯವನ್ನು ಬೆನ್ನಿಗೆ ಹಾಕಿ, ಮನಸ್ಸಿಗೆ ಹೊಸದಾಗಿ ಹತ್ತಿದ್ದರ ಕಡೆ ಹೊರಟಿದ್ದಾನೆ. ಹಿಂದಿನಿಂದ ಎಳೆಯುವುದು ಮಾತ್ರ ನಿಂತಿಲ್ಲ. ಅವೇ ಕಾರ್ಡ್‌ಗಳ ಸಾಲು ತಿರುಗುಮುರುಗಾಗಿ ಬಂದಿದ್ದರೆ? ಆಸೆಗೆ ಬೆನ್ನು ಮಾಡಿ ಸಂಬಳದ ಕಡೆ ನಡೆದಿದ್ದಾನೆ. ಮೂರೂ ಅವೇ ಕಾರ್ಡ್, ಉತ್ತರ ಪೂರ್ತಿ ಉಲ್ಟಾ. ಇದು ಭವಿಷ್ಯವೋ, ಕೇಳಿದವರ ಮನಸ್ಸಿನಲ್ಲಿದ್ದದ್ದೇ ಹೊರಬಂತೋ ಅನ್ನುವ ಚರ್ಚೆ ಇಲ್ಲಿ ಬೇಡ. ನಾನು ಎರಡನೆಯ ಪಕ್ಷ.

ತಲೆಕೆಳಗಾದ ಕಾರ್ಡ್‌ಗಳನ್ನು ನಾನು ಈ ಡೆಕ್‌ನಲ್ಲಿ ಓದುವುದಿಲ್ಲ. ಫೋರ್ ಆಫ್ ಕಾಯಿನ್ಸ್ ಹೇಗೆ ಹಿಡಿದರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಚಿತ್ರಕ್ಕೆ ಬಳಿದ ಕೆಂಪು, ನೀಲಿಯಂಥ ಬಣ್ಣಗಳ ಮೇಲೂ ಜಾಸ್ತಿ ಭಾರ ಹಾಕಬೇಡಿ. ಆ ಕಾಲದಲ್ಲಿ ಅಚ್ಚು ಹಾಕಿದ ರೇಖೆಗಳ ಮೇಲೆ ಕೊರೆಯಚ್ಚು ಇಟ್ಟು ಕೆಲವೇ ಬಣ್ಣ ಬಳಿಯುತ್ತಿದ್ದರು. 1760ರ ಹೆಸರಿನ ಕಾನ್ವೇರ್ ಡೆಕ್ (ಮಾರ್ಸೇ ಡೆಕ್‌ನ ಒಂದು ಹೆಸರಾಂತ ಆವೃತ್ತಿ) ಅಂತ ಎರಡು ಕಡೆ ಕೊಂಡರೂ ಬಣ್ಣ ಒಂದೇ ಇರುತ್ತದೆ ಅನ್ನುವ ಹಾಗಿಲ್ಲ.

ಹಳೆಯ ಡೆಕ್ ಕಟ್ಟಿಡಬೇಕಾಗಿಲ್ಲ. ಒಂದೇ ಪ್ರಶ್ನೆಗೆ ಎರಡರಲ್ಲೂ ಕಾರ್ಡ್ ತೆಗೆಯುವುದನ್ನು ಮಾತ್ರ ಸದ್ಯಕ್ಕೆ ಬಿಡಿ. ಮೊದಮೊದಲು ಆ ನಲವತ್ತು ಕಾರ್ಡ್‌ಗಳನ್ನಷ್ಟೇ ಬೇರೆ ಮಾಡಿ ಕಲಸಿ, ಸಣ್ಣಪುಟ್ಟ ಪ್ರಶ್ನೆಗಳಿಗೆ ಮೂರು ಮೂರು ಎಳೆಯಿರಿ. ಕೋರ್ಟ್ ಕಾರ್ಡ್ (ರಾಜ, ರಾಣಿ ಮುಂತಾದವು) ಮತ್ತು ಮೇಜರ್ ಆಮೇಲೆ ಸೇರಿಸಿದರಾಯಿತು.